ಬೆನ್ನ ಮೇಲಿನ ಮೀಸೆ ಹಕ್ಕಿ

ಸೀಮೆಎಣ್ಣೆಯ ವಾಸನೆ ಬಂದರೆ ಬೇರೆಯವರಿಗೆ ಹಳೆಯ ಸ್ಟವ್ ನೆನಪಾಗಬಹುದು. ನನಗೆ ಮೊದಲು ಮಳೆ ನೆನಪಾಗುತ್ತದೆ, ಆಮೇಲೆ ಒಂದು ಹಕ್ಕಿ, ಅದರ ಹಿಂದೆಯೇ ಸಿಟ್ಟು. ಇಷ್ಟು ವರ್ಷವಾದರೂ ಆ ಸಿಟ್ಟು ಹಳತಾಗಿಲ್ಲ, ಹಳತಾಗಬೇಕೆಂದು ನನಗೇನೂ ಆಸೆಯಿಲ್ಲ.

ಮೊನ್ನೆ ಮಧ್ಯಾಹ್ನ ದಿಲ್‌ಸುಖ್‌ನಗರದ ನನ್ನ ಮಗ್ಗಂ ಅಂಗಡಿಯಲ್ಲಿ ಹಳೆಯದೊಂದು ಖಾಕಾ ಹೊರತೆಗೆದೆ. ಮಗ್ಗಂ ಎಂದರೆ ನೇಯುವ ಮಗ್ಗವಲ್ಲ. ಈ ತೆಲುಗು ಊರಲ್ಲಿ ಮರದ ಚೌಕಟ್ಟಿಗೆ ರವಿಕೆ ಬಟ್ಟೆಯನ್ನು ಬಿಗಿದು ಕಟ್ಟಿ, ಅದರ ಮೇಲೆ ದಾರ, ಜರಿ, ಮಣಿಗಳಿಂದ ಕಸೂತಿ ಮಾಡುವುದಕ್ಕೆ ಮಗ್ಗಂ ವರ್ಕ್ ಅನ್ನುತ್ತಾರೆ. ಖಾಕಾ ಅಂದರೆ ಚಿತ್ರ ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿದ ತೆಳು ಕಾಗದ. ಅದನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಚಿಂದಿಯಿಂದ ಒರೆಸಿದರೆ ಚಿತ್ರ ಕೆಳಗಿಳಿಯುತ್ತದೆ. ಈ ಖಾಕಾದ ತೂತುಗಳು ಅರ್ಧ ಮುಚ್ಚಿಹೋಗಿದ್ದವು. ಮತ್ತೆ ಚುಚ್ಚಿ, ಪುಡಿ ಒರೆಸಿ ಕಾಗದ ಎತ್ತಿದೆ. ಹಸಿರು ರೇಷ್ಮೆಯ ಮೇಲೆ ಹಕ್ಕಿ ಬಂದು ಕೂತಿತ್ತು. ಮೊದಲು ಅದು ಕೂತಿದ್ದ ಜಂಪರ್, ನನ್ನ ಹಳೆಯ ರವಿಕೆ, ನನಗೀಗ ಬಿಗಿ. ನಲವತ್ತಕ್ಕೆ ಬಂದ ಮೇಲೆ ಮೈ ತನ್ನಿಷ್ಟಕ್ಕೆ ಬೆಳೆಯುತ್ತದೆ. ಹಾಗಂತ ಹಕ್ಕಿಯನ್ನು ಬಿಡಲಾಗುತ್ತದೆಯೇ?

ಅದು ಜಗತ್ತೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಕೂತದ್ದಕ್ಕಿಂತ ಹಿಂದಿನ ವರ್ಷ. ಮಳೆ ತಡವಾಗಿ ಬಂದು, ಬಂದ ಮೇಲೆ ಹೋಗಲು ಒಪ್ಪದೆ ದಸರೆಯವರೆಗೂ ಹೊಡೆದ ವರ್ಷ. ಆಷಾಢದಲ್ಲಿ ಮದುವೆಗಳಿಲ್ಲ, ಹಾಗಾಗಿ ಮಗ್ಗಂ ಕೆಲಸವೂ ಕಡಿಮೆ. ಅಂಗಡಿಯಲ್ಲಿ ನಾನು ಮತ್ತು ಯೂಸುಫ್ ಭಾಯ್ ಇಬ್ಬರೇ. ಯೂಸುಫ್ ಭಾಯ್ ಈ ಶಹರದ ಹಳೇ ಪೇಟೆಯ ಕಸೂತಿ ಕಾರಿಗಾರ. ಬೀಡಿ ಸೇದುವುದನ್ನೂ ನನ್ನ ವಿನ್ಯಾಸಗಳಲ್ಲಿ ಕೊಂಕು ತೆಗೆಯುವುದನ್ನೂ ಬಿಟ್ಟರೆ ಬೇರೆ ದುಶ್ಚಟವಿಲ್ಲ. ಮನೆಯಲ್ಲಿ ಅವ್ವ. ಅವಳ ತವರು ರಾಯಚೂರು ಕಡೆ ಕೃಷ್ಣಾ ನದಿಯ ನಡುಗಡ್ಡೆಯ ಒಂದು ಹಳ್ಳಿ. ನನಗಾಗ ಮೂವತ್ತನಾಲ್ಕು. ನೆಂಟರ ಲೆಕ್ಕದಲ್ಲಿ ನಾನು ಮುಗಿದ ಕತೆ.

ಶ್ರಾವಣದಲ್ಲಿ ಕತೆ ಮತ್ತೆ ಶುರುವಾಯಿತು. ಬಾಲಾನಗರದ ಒಂದು ಲೇತ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಪ್ರಕಾಶ ನನ್ನನ್ನು ನೋಡಲು ಬಂದ. ನಮ್ಮ ರಾಯಚೂರು ಕಡೆಯವನೇ. ತಾಯಿಯಿಲ್ಲದ ಅವನನ್ನು ಬೆಳೆಸಿದವಳು ಅಕ್ಕ ಶಾಂತಕ್ಕ, ಆ ಮನೆಯಲ್ಲಿ ಅವಳ ಮಾತೇ ಮಾತು. ಪ್ರಕಾಶ ಉಪ್ಪಿಟ್ಟು ತಿಂದು, ನನ್ನ ಬೆರಳ ತುದಿಯ ಸೂಜಿ ಗಾಯಗಳನ್ನು ನೋಡಿ, ತನ್ನ ಅಂಗೈಯಲ್ಲಿದ್ದ ಕಬ್ಬಿಣದ ಚೂರಿನ ಗಾಯ ತೋರಿಸಿ, "ಇಬ್ರದೂ ಒಂದ ಜಾತಿ ನೋಡ್ರಿ," ಅಂದ. ನನಗೆ ಹಿಡಿಸಿದ. ಅದನ್ನು ಯಾಕೆ ಮುಚ್ಚಿಡಲಿ? ತುಂಬಾನೇ ಹಿಡಿಸಿದ. ಮಾರ್ಗಶಿರದಲ್ಲಿ ಲಗ್ನವೆಂದು ನಿಶ್ಚಯವಾಯಿತು.

ಆಗ ನನಗೊಂದು ಹಟ ಹುಟ್ಟಿತು. ಊರಿನ ಮದುವಣಗಿತ್ತಿಯರ ಬೆನ್ನ ಮೇಲೆಲ್ಲ ನವಿಲು ಕೂರಿಸಿದವಳು ನಾನು. ಎದುರುಬದುರು ನವಿಲು, ಎದುರುಬದುರು ಗಿಳಿ, ಎದುರುಬದುರು ಹಂಸ. ಮದುವೆಯ ಜಂಪರ್ ಅಂದರೆ ಜೋಡಿಯೇ ಆಗಬೇಕು, ಕೊಕ್ಕಿಗೆ ಕೊಕ್ಕು ತಾಗಬೇಕು. ನನ್ನ ಬೆನ್ನ ಮೇಲೆ ನವಿಲು ಬೇಡವೇ ಬೇಡ ಅನ್ನಿಸಿತು. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಫೋನಿನಲ್ಲಿ ಹಕ್ಕಿಗಳನ್ನು ಹುಡುಕತೊಡಗಿದೆ. ಚಿಕ್ಕವಳಿದ್ದಾಗ ನಡುಗಡ್ಡೆಯ ನೀರಂಚಿನಲ್ಲಿ ನೋಡಿದ್ದ ಮಿಂಚುಳ್ಳಿ ನೆನಪಾಗಿ ಅದರ ಇಂಗ್ಲಿಷ್ ಹೆಸರು ಒತ್ತಿದರೆ ಮೊದಲು ಬಂದದ್ದು ಬೀರಿನ ಬಾಟಲಿಗಳು. ಅವನ್ನು ದಾಟಿ ಕೆಳಗೆ, ಕೆಳಗೆ ಹೋದಾಗ ಅದು ಸಿಕ್ಕಿತು.

ಯಾರದೋ ಕೈಯಲ್ಲಿ ಕೂತಿದ್ದ ದೊಡ್ಡ ಮಿಂಚುಳ್ಳಿ. ಕೇಸರಿ ತಲೆ, ಕೇಸರಿ ಹೊಟ್ಟೆ, ಕಡುನೀಲಿ ಬೆನ್ನು. ಕೊಕ್ಕಿನ ಬುಡದಿಂದ ಕೆನ್ನೆಗೆ ಎಳೆದ ನೀಲಿ ಮೀಸೆ. ಆ ಬಣ್ಣಗಳ ದಾರ ನನ್ನ ಡಬ್ಬಿಯಲ್ಲಿದೆಯೇ ಎಂದೇ ಮೊದಲು ಯೋಚಿಸಿದೆ. ಆಮೇಲೆ ಕೆಳಗಿನ ಬರಹವನ್ನು ನಿಧಾನವಾಗಿ ಓದಿದೆ. ಪೆಸಿಫಿಕ್ ಸಾಗರದಲ್ಲಿ ಗ್ವಾಡಲ್‌ಕನಾಲ್ ಎಂಬ ದ್ವೀಪ. ಅಲ್ಲಿನ ಎತ್ತರದ ಗುಡ್ಡಗಳ ಕಾಡಿನಲ್ಲಿ ಮಾತ್ರ ಈ ಹಕ್ಕಿ, ಬೇರೆಲ್ಲೂ ಇಲ್ಲ. ಹೊರಗಿನ ಪಂಡಿತರ ಬಳಿ ಬಹುಕಾಲ ಇದ್ದದ್ದು ಮೂರು ಹೆಣ್ಣು ಹಕ್ಕಿಗಳ ಒಣಗಿದ ಮೈ ಅಷ್ಟೇ. ಗಂಡು ಹೇಗಿರುತ್ತದೆಂದು ಅವರು ಕಂಡಿರಲಿಲ್ಲ. ಕೊನೆಗೊಮ್ಮೆ ಗುಡ್ಡ ಹತ್ತಿದವರಿಗೆ ಅದರ ಕೂಗು ಕೇಳಿತು. ಬಲೆಗೆ ಒಂದು ಗಂಡು ಸಿಕ್ಕಿತು. ಫೋಟೋ ತೆಗೆದರು. ಆಮೇಲೆ ಕೊಂದರು.

ನಾನು ಆ ಸಾಲನ್ನು ಮತ್ತೆ ಓದಿದೆ. ಹೌದು, ಕೊಂದಿದ್ದರು. ಸಂಗ್ರಹಾಲಯದಲ್ಲಿಡಲು, ಸಾಕ್ಷಿಗೆ. ಅವರದೂ ವಾದವಿತ್ತು: ಒಂದು ಹೋದರೆ ಜಾತಿ ನಾಶವಾಗದು, ಗುಡ್ಡದ ಜನ ಈ ಹಕ್ಕಿ ಬೇಕಾದಷ್ಟಿದೆ ಅನ್ನುತ್ತಾರೆ, ಕೈಯಲ್ಲಿ ಮೈ ಇದ್ದರೆ ಮುಂದೆ ಕಾಡನ್ನು ಉಳಿಸಲೂ ಉಪಯೋಗವಾಗುತ್ತದೆ. ಇರಬಹುದು, ನಾನು ಪಂಡಿತೆಯಲ್ಲ. ಆದರೆ ಗುಡ್ಡದ ಜನಕ್ಕೆ ಅದು ಅಪರೂಪವೇ ಆಗಿರಲಿಲ್ಲ. ಅವರ ಭಾಷೆಯಲ್ಲಿ ಅದಕ್ಕೆ ಹೆಸರೂ ಇತ್ತು. ನೋಡದವರು ಅಪರೂಪ ಎಂದು ಕರೆದರು, ನೋಡಿದ ಮೇಲೂ ನಂಬದೆ ಜೀವ ತೆಗೆದರು. ಎಲ್ಲೋ ಸಮುದ್ರದಾಚೆಯ ಹಕ್ಕಿಗಾಗಿ ದಿಲ್‌ಸುಖ್‌ನಗರದ ಗಲ್ಲಿಯಲ್ಲಿ ಕೂತ ನನಗೆ ಸಿಟ್ಟು ಬಂತು. ಅವತ್ತೇ ಖಾಕಾ ಬರೆದೆ.

ಯೂಸುಫ್ ಭಾಯ್ ಖಾಕಾ ನೋಡಿ ಕನ್ನಡಕ ಏರಿಸಿದ. "ದುಲ್ಹನ್ ಕೆ ಪೀಠ್ ಪೋ ಅಕೇಲಾ ಪರಿಂದಾ? ನಕ್ಕೊ ಆಪಾ. ಜೋಡಾ ಡಾಲೋ." ಮದುಮಗಳ ಬೆನ್ನಿಗೆ ಒಂಟಿ ಹಕ್ಕಿ ಬೇಡ, ಜೋಡಿ ಹಾಕು ಎಂದು ಅವನ ತಕರಾರು.

"ಇಸ್ಕಾ ದೂಸರಾ ಮಿಲಾಚ್ ನೈ, ಭಾಯ್," ಅಂದೆ. ಇದಕ್ಕೆ ಇನ್ನೊಂದು ಸಿಗಲೇ ಇಲ್ಲ.

ಅವ್ವನ ತಕರಾರು ಬೇರೆ. "ಮೀಸಿ ಇರೋ ಹಕ್ಕಿ ಯಾಕವಾ? ಹೆಣ್ಣಮಕ್ಕಳ ಕುಬಸದ ಮ್ಯಾಲ ಚಂದ ಕಾಣತೈತೇನು?" ಅದು ನಡುಗಡ್ಡೆಯ ಹಕ್ಕಿ ಎಂದು ಹೇಳಿದೆ. ಅವಳ ಮುಖ ಕೂಡಲೇ ಬದಲಾಯಿತು. "ನಮ್ಮಂಥ ನಡಗಡ್ಡಿಯೇನು? ಹಂಗಾರ ಇರ್ಲಿ ಬಿಡು. ಪಾಪ, ಹೊಳಿ ಬಂದ್ರ ಎಲ್ಲಿಗೆ ಹೋಗತೈತಿ," ಅಂದಳು. ಪ್ರತಿ ಮಳೆಗಾಲ ನೀರು ಏರಿದಾಗ ಟಿವಿಯವರು ಬಂದು ನಮ್ಮವರನ್ನು ಅಪರೂಪದ ಪ್ರಾಣಿಗಳನ್ನು ತೋರಿಸಿದ ಹಾಗೆ ತೋರಿಸಿ ಹೋಗುವುದು ಅವಳಿಗೆ ಚೆನ್ನಾಗಿ ನೆನಪಿತ್ತು.

ಮಗ್ಗಂ ಕೆಲಸದಲ್ಲಿ ಒಂದು ಕೈ ಬಟ್ಟೆಯ ಮೇಲೆ ಸೂಜಿ ಹಿಡಿದಿರುತ್ತದೆ, ಇನ್ನೊಂದು ಕೆಳಗಿನಿಂದ ದಾರ ಕೊಡುತ್ತಿರುತ್ತದೆ. ಮಧ್ಯೆ ಎದ್ದರೆ ದಾರ ಸಡಿಲಾಗುತ್ತದೆ. ಆದ್ದರಿಂದ ಕೆಲಸಕ್ಕೆ ಕೂತಾಗ ನಾನು ಫೋನ್ ಎತ್ತುವುದಿಲ್ಲ. ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಹಕ್ಕಿಯ ಬೆನ್ನು ತುಂಬಿತ್ತು. ಪ್ರಕಾಶನಿಗೂ ಅದನ್ನು ತೋರಿಸಿರಲಿಲ್ಲ, ಮದುವೆ ದಿನವೇ ನೋಡಲಿ ಎಂದು ಗುಟ್ಟಾಗಿಟ್ಟಿದ್ದೆ. ಅಂಥ ಒಂದು ಸಂಜೆ, ತಗಡಿನ ಮೇಲೆ ಮಳೆ ಬಡಿಯುತ್ತಿದ್ದಾಗ ಶಾಂತಕ್ಕನ ಫೋನ್ ಬಂತು. ನನ್ನ ಜೊತೆ ಅಂಗಡಿಯಲ್ಲಿದ್ದ ಅವ್ವ ತನ್ನ ಫೋನ್ ಎತ್ತಿದಳು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಕುಬಸ ಎಂಬುದಕ್ಕೆ ಎರಡು ಅರ್ಥ. ಒಂದು ರವಿಕೆ. ಇನ್ನೊಂದು, ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಮಾಡುವ ಸೀಮಂತ. ನನ್ನ ವಯಸ್ಸಿನವರು ರವಿಕೆಗೆ ಜಂಪರ್ ಅನ್ನುತ್ತೇವೆ, ಗಿರಾಕಿಗಳೆದುರು ಬ್ಲೌಸ್ ಅನ್ನುತ್ತೇವೆ. ಅವ್ವ ಮಾತ್ರ ಕುಬಸ ಅನ್ನುವುದನ್ನು ಬಿಟ್ಟಿರಲಿಲ್ಲ.

"ಮಂಗಲಾ ಎಲ್ಲಿ ಅದಾಳ್ರೀ? ಫೋನ ಎತ್ತವಲ್ಲಳು," ಅಂದಳಂತೆ ಶಾಂತಕ್ಕ.

"ಆಕೀದು ಕುಬಸ ನಡದೈತ್ರೀ!" ಅವ್ವ ಮಳೆಗಿಂತ ಜೋರಾಗಿ ಕೂಗಿದಳು.

"ಏನಂದ್ರಿ?"

"ಕುಬಸರೀ, ಕುಬಸ! ದಸರಾದೊಳಗ ಮುಗಸಬೇಕಂತ ಕುಂತಾಳ. ಹಸರ ಸೀರಿನೂ ತಂದೇವಿ. ಯಾರ ಮುಂದೂ ಹೇಳಬ್ಯಾಡ್ರೀ ಮತ್ತ, ಗುಟ್ಟಾಗಿ ಇಟ್ಟಾಳ. ಸೆರಗು ಹೊದ್ಕೊಂಡ್ರ ಏನೂ ಕಾಣಂಗಿಲ್ಲ ಬಿಡ್ರೀ!"

ನಾನು ಅಲ್ಲೇ ಕೂತಿದ್ದೆ. ನನಗೆ ಅದರಲ್ಲೇನೂ ತಪ್ಪು ಕೇಳಿಸಲಿಲ್ಲ, ಏಕೆಂದರೆ ತಪ್ಪು ಇರಲೇ ಇಲ್ಲ. ಹಕ್ಕಿ ಬೆನ್ನ ಮೇಲಿತ್ತು, ಸೆರಗು ಹೊದ್ದರೆ ಕಾಣುತ್ತಿರಲಿಲ್ಲ. ಆದರೆ ಬಾಲಾನಗರದಲ್ಲಿ ಶಾಂತಕ್ಕ ಸ್ಪೀಕರ್ ಹಾಕಿಕೊಂಡಿದ್ದಳು. ಗಣಪತಿಯ ಜೊತೆ ಕೂರಿಸಿದ್ದ ಗೌರಿಯ ಅರಿಶಿನ ಕುಂಕುಮಕ್ಕೆ ಬಂದ ನಮ್ಮ ಮಂದಿಯ ಹೆಂಗಸರೆಲ್ಲ ಅಲ್ಲಿ ಕೂತಿದ್ದರು. ಅವರು ಮನೆ ಮುಟ್ಟುವಷ್ಟರಲ್ಲಿ ನಾನು ಊರ ತುಂಬ ಬಸುರಿಯಾಗಿದ್ದೆ.

ಮರುದಿನ ವಿಷಯ ತಿಳಿದಾಗ ಅವ್ವ ಮೊದಲು ನಕ್ಕಳು, ಆಮೇಲೆ ಹಣೆ ಬಡಿದುಕೊಂಡಳು, ಆಮೇಲೆ ಫೋನ್ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಶಾಂತಕ್ಕನಿಗೆ ಅರ್ಥವಾಗಲಿಲ್ಲವೆಂದಲ್ಲ. ಆದರೂ ಆಕೆ, "ನೀವು ಹೇಳೋದು ಖರೆ ಇರಬಹುದ್ರೀ. ಆದ್ರ ಮಾತು ಹಬ್ಬಿಬಿಟ್ಟೈತಿ. ಡಾಕ್ಟರ್ ಹಂತ್ಯಾಕ ಕರ್ಕೊಂಡು ಹೋಗಿ ಒಂದು ಕಾಗದ ತಂದುಬಿಡ್ರಿ. ಎಲ್ಲಾರ ಬಾಯಿ ಮುಚ್ಚತೈತಿ. ಇಲ್ಲಾಂದ್ರ ಲಗ್ನದ ಮಾತು ಮುಂದ ಹೋಗಂಗಿಲ್ಲ," ಅಂದಳು.

ಅವ್ವ ಫೋನ್ ಇಟ್ಟು ನನ್ನ ಮುಖ ನೋಡಿದಳು. "ಹೋಗಿ ಬಂದ್ರ ಆತಲ್ಲವಾ. ನಿಂದೇನು ಹೋಗತೈತಿ?"

"ನಾ ಹೋಗಂಗಿಲ್ಲ," ಅಂದೆ.

"ತಪ್ಪಿಲ್ಲದಾಕಿಗೆ ಅಂಜಿಕಿ ಯಾಕ?"

"ತಪ್ಪಿಲ್ಲದಾಕಿ ಯಾಕ ಹೋಗಬೇಕಬೇ?"

ಅವ್ವ ಅವತ್ತು ಊಟ ಮಾಡಲಿಲ್ಲ. ನನ್ನ ವಯಸ್ಸಿಗೆ ಇಂಥ ಸಂಬಂಧ ಮತ್ತೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸುಮ್ಮನೆ ಶೌರ್ಯದ ಮಾತಾಡುವುದು ಬೇಡ. ನನಗೆ ಆ ಮನುಷ್ಯ ಬೇಕಾಗಿದ್ದ.

ವಾರ ಕಳೆದು ಪ್ರಕಾಶನೇ ಬಂದ. ಬಾಲಾನಗರದಿಂದ ದಿಲ್‌ಸುಖ್‌ನಗರಕ್ಕೆ ಮೆಟ್ರೊ ನೇರ. ಆದರೂ ನಿಲ್ದಾಣದಿಂದ ಗಲ್ಲಿಗೆ ಬರುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದ. ಯೂಸುಫ್ ಭಾಯ್ ಅವನನ್ನು ನೋಡಿ, ಬೀಡಿ ತೆಗೆದುಕೊಂಡು ಹೊರಗೆ ಹೋದ. ನಾನು ಸೂಜಿ ಕೆಳಗಿಡಲಿಲ್ಲ. ಮೀಸೆಯ ಭಾಗ ನಡೆದಿತ್ತು.

"ನನಗೇನೂ ಸಂಶೇ ಇಲ್ಲ ಮಂಗಲಾ," ಅಂದ.

"ಹಂಗಾರ ಯಾಕ ಬಂದೀರಿ?"

"ಮಂದೀ ಸಲುವಾಗಿ. ಕೋಠಿ ಏರಿಯಾದೊಳಗ ನಮ್ಮ ಪೈಕಿ ಡಾಕ್ಟರಮ್ಮ ಒಬ್ರು ಅದಾರ. ನಾನೂ ಜೋಡಿ ಬರ್ತೀನಿ. ಒಂದ ಸಲ ಕಾಗದ ತೋರಿಸಿಬಿಟ್ರ ಮುಗದಹೋತು."

"ಒಂದ ಸಲ?"

"ಒಂದ ಸಲ."

ಆಗ ನಾನು ಸೂಜಿ ಇಟ್ಟೆ. ಮಗ್ಗಂ ಕಡೆಗೆ ಕೈ ತೋರಿಸಿ, ಮದುವೆ ದಿನಕ್ಕೆಂದು ಬಚ್ಚಿಟ್ಟಿದ್ದ ಹಕ್ಕಿಯನ್ನು ಅವನಿಗೆ ಅವತ್ತೇ ತೋರಿಸಿದೆ. ಅದರ ಕತೆ ಪೂರ್ತಿ ಹೇಳಿದೆ. "ಇದರ ಕೂಗು ಕೇಳಿದ್ರು. ಕಣ್ಣಾರೆ ಕಂಡ್ರು. ಫೋಟೋನೂ ತಗದ್ರು. ಅಷ್ಟಾದ ಮ್ಯಾಲೂ ಸಾಕ್ಷಿ ಬೇಕಂದ್ರು. ಒಂದ ಒಂದು ಅಂತ ಕೊಂದ್ರು."

ಅವನು ಬಗ್ಗಿ ನೋಡಿದ. ನೀಲಿಯ ಮೇಲೆ ಬೆರಳಾಡಿಸಲು ಹೋಗಿ, ಕೈ ಒದ್ದೆಯಿದೆ ಎಂದು ಹಿಂದೆಗೆದ. ಆಮೇಲೆ ಸಣ್ಣ ದನಿಯಲ್ಲಿ, "ಅದು ಹಕ್ಕಿ, ಮಂಗಲಾ," ಅಂದ.

"ಹೌದ್ರಿ, ಹಕ್ಕಿ. ಅದಕ್ಕ ಅದು ಹೋತು. ನನಗ ಬಾಯಿ ಐತಿ."

"ಅಕ್ಕ ಒಪ್ಪಂಗಿಲ್ಲ."

"ನಾ ಲಗ್ನ ಆಗಾಕತ್ತಿದ್ದು ನಿಮ್ಮನ್ನ, ನಿಮ್ಮಕ್ಕನ್ನ ಅಲ್ಲ. ನೀವು ಒಪ್ಪೀರೇನು? ಕಾಗದ ಇಲ್ಲದ?"

ಒಂದು 'ಹೂಂ' ಅಂದಿದ್ದರೆ ಸಾಕಿತ್ತು. ನಾನು ಕಾದೆ. ಮಳೆಯ ಸದ್ದು, ಹೊರಗೆ ಯೂಸುಫ್ ಭಾಯ್ ಕೆಮ್ಮಿದ್ದು ಎಲ್ಲ ಕೇಳಿಸಿತು, ಅದೊಂದು ಕೇಳಿಸಲಿಲ್ಲ. ಪ್ರಕಾಶ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಹೋದ ಮೇಲೆ ನಾನು ಅತ್ತೆ, ಬಿಕ್ಕಿಬಿಕ್ಕಿ ಅತ್ತೆ. ಅತ್ತು ಮುಗಿಸಿ ಮೀಸೆಯನ್ನೂ ಮುಗಿಸಿದೆ.

ದಸರೆ ಬಂತು. ಈ ಊರಿನವರಿಗೆ ಆ ದಿನ ಪಾಲಪಿಟ್ಟ, ಅಂದರೆ ನೀಲಕಂಠ ಹಕ್ಕಿ, ಕಂಡರೆ ಶುಭ. ನಮ್ಮ ಮಂದಿಗೆ ಸಂಜೆ ಬನ್ನಿ ಕೊಡುವುದು ಮುಖ್ಯ. ಕಾಚಿಗುಡದ ಹತ್ತಿರ ನಾವು ಸೇರುವ ಗುಡಿಯೊಂದಿದೆ. ಶಾಂತಕ್ಕ ಬರುತ್ತಾಳೆ, ಗೌರಿಗೆ ಬಂದಿದ್ದ ಹೆಂಗಸರೆಲ್ಲ ಬರುತ್ತಾರೆ ಎಂದು ಗೊತ್ತಿತ್ತು. ಈ ವರ್ಷ ಮನೆಯಲ್ಲೇ ಇರೋಣ ಎಂದು ಅವ್ವ ಹೇಳಬಹುದೆಂದುಕೊಂಡಿದ್ದೆ. ಅವಳು ಸುಮ್ಮನೆ ಟ್ರಂಕಿನಿಂದ ಆ ಹಸಿರು ಸೀರೆಯನ್ನೇ ತೆಗೆದಳು, ಪಿನ್ನಿನ ಡಬ್ಬಿ ತಂದು ನನ್ನ ಹಿಂದೆ ನಿಂತಳು.

"ಸೆರಗು ಹಿಂದಿಂದ ಮುಂದಕ್ಕ ಹೊದಸ್ತೀನಿ," ಅಂದಳು. "ಹೊಟ್ಟಿ ಮುಚ್ಚಿರ್ಲಿ. ಅದನ್ನ ನೋಡಾಕಂತ ಕುಂತಾರ ಅವ್ರು. ಒಬ್ಬರಿಗೂ ಕಾಣಬಾರದು."

"ಮತ್ತ ಬೆನ್ನು?"

"ಹಿಂದ ಪಿನ್ನ ಹಚ್ಚಿ ಸರಸ್ತೀನಿ, ಬೆನ್ನು ತೆರದಿರ್ಲಿ. ನಡಗಡ್ಡಿ ಹಕ್ಕಿ, ಎಲ್ಲಾರೂ ನೋಡ್ಲಿ."

ನಾನು ಅವಳನ್ನು ತಬ್ಬಿಕೊಂಡೆ. ಪಿನ್ನು ಚುಚ್ಚಿ ಇಬ್ಬರೂ ಕಿರುಚಿದೆವು.

ಗುಡಿಯ ಬಾಗಿಲಲ್ಲಿ ಒಬ್ಬ ಪಾಲಪಿಟ್ಟವನ್ನು ಬಿದಿರ ಪಂಜರದಲ್ಲಿ ಮುಚ್ಚಿ ತಂದಿದ್ದ. ಕಾಸು ಕೊಟ್ಟವರಿಗೆ ಬಟ್ಟೆ ಸರಿಸಿ ತೋರಿಸುತ್ತಿದ್ದ. ನಾನು ನೋಡದೆ ದಾಟಿದೆ. ಒಳಗೆ ಹೋದೆ. ಎಷ್ಟು ಕಣ್ಣುಗಳು ನನ್ನ ಹೊಟ್ಟೆಯ ಮೇಲೆ ಇಳಿದವೋ! ಹಸಿರು ಸೀರೆ ಬೇರೆ. ಹೊದ್ದ ಸೆರಗು ಬೇರೆ. ಅವರ ಪಾಲಿಗೆ ಇನ್ನೇನು ಬೇಕಿತ್ತು? ನಾನು ಸೀದಾ ಶಾಂತಕ್ಕನ ಮುಂದೆ ಹೋಗಿ ಬನ್ನಿ ಎಲೆ ಕೊಟ್ಟೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರೀ," ಅಂದು ಕಾಲು ಮುಟ್ಟಿದೆ. ಹಿಂದೆ ನಿಂತಿದ್ದ ಪ್ರಕಾಶ ಕೈ ಮುಂದೆ ಚಾಚಿದ. ಅವನಿಗೂ ಒಂದೆಲೆ ಕೊಟ್ಟೆ.

ಆಮೇಲೆ ತಿರುಗಿ, ಅಂಗಳದ ನಟ್ಟನಡುವೆ ನಿಧಾನವಾಗಿ ನಡೆದು ಬಂದೆ. ಬೆನ್ನು ತೋರಿಸುವುದೆಂದರೆ ನಮ್ಮ ಮಾತಿನಲ್ಲಿ ಓಡಿಹೋಗುವುದು ಎಂದರ್ಥ. ನಾನು ಅವತ್ತು ಅಷ್ಟೂ ಮಂದಿಗೆ ಬೆನ್ನು ತೋರಿಸಿದೆ, ಓಡಲಿಲ್ಲ. ಹೊಟ್ಟೆ ನೋಡಲು ಬಂದವರು ಹಕ್ಕಿ ನೋಡಿದರು. "ಎವ್ವಾ, ಮೀಸಿ ಐತಲ್ಲೇ ಇದಕ್ಕ!" ಎಂದು ಯಾವಳೋ ಅಂದದ್ದು ಕೇಳಿತು. ಅವ್ವ ಫಕ್ಕನೆ ನಕ್ಕಳು.

ಮುಂದಿನ ತಿಂಗಳುಗಳಲ್ಲಿ ಜನ ಬೆರಳು ಮಡಚಿ ಎಣಿಸಿದರು, ಎಣಿಕೆ ಸುಳ್ಳಾಯಿತು. ಆಗ ಶಾಂತಕ್ಕ ಒಬ್ಬರ ಕೈ ಹೇಳಿ ಕಳಿಸಿದಳು: ಆದದ್ದು ಆಗಿಹೋಯಿತು, ಮಾತು ಮುಂದುವರಿಸೋಣ. ಅವ್ವ ನನ್ನನ್ನು ಕೇಳಲೂ ಇಲ್ಲ. "ನಮ್ಮ ಹುಡುಗಿಗೆ ಪುರಸೊತ್ತಿಲ್ಲ," ಎಂದು ಹೇಳಿಕಳಿಸಿದಳು. ಅಷ್ಟರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಬಾಗಿಲು ತೆರೆದಾಗ ನಾನು ಮಗ್ಗಂ ಹಾಕಿಕೊಂಡು ಕೂತೆ. ಪ್ರಕಾಶನಿಗೆ ಬೇರೆ ಕಡೆ ಮದುವೆಯಾಯಿತು. ಅವ್ವ ಎರಡು ವರ್ಷದ ಹಿಂದೆ ಹೋದಳು. ಇಲ್ಲಿಯವರೆಗೆ ಪ್ರತಿ ದಸರೆಗೂ ಆ ಜಂಪರನ್ನೇ ತೊಟ್ಟಿದ್ದೇನೆ. ಗುಡಿಯಲ್ಲಿ ಅದನ್ನು ನೋಡಿದ ಹುಡುಗಿಯರು ಬಂದು ಅಂಥದ್ದೇ ಬೇಕೆಂದು ಕೇಳುತ್ತಾರೆ. ಬೇರೆ ಯಾವ ಹಕ್ಕಿ ಬೇಕಾದರೂ ಮಾಡಿಕೊಡುತ್ತೇನೆ ಅನ್ನುತ್ತೇನೆ. ಇದೊಂದನ್ನು ಯಾರಿಗೂ ಮಾಡಿಕೊಟ್ಟಿಲ್ಲ.

ಮೊನ್ನೆ ಖಾಕಾ ಒರೆಸಿ, ಮೊದಲ ನೀಲಿ ದಾರ ಎಳೆಯುತ್ತಿದ್ದಾಗ ಹೊರಗೆ ಜೋರು ಮಳೆ. ಕೊಡೆ ಮಡಚಿ ಒಳಗೆ ಬಂದವಳು ಶಾಂತಕ್ಕ. ಮುಖ ಇಳಿದಿತ್ತು, ಮೊಣಕಾಲು ಹಿಡಿದುಕೊಂಡು ಕೂತಳು. ಯೂಸುಫ್ ಭಾಯ್ ಈಗಲೂ ಅವತ್ತಿನಂತೆ ಬೀಡಿ ಹಿಡಿದು ಹೊರಗೆ ನಡೆದ.

"ಒಂದು ಕುಬಸ ಆಗಬೇಕಿತ್ತವಾ, ಹಸರಿಂದು," ಅಂದಳು.

"ಯಾ ಕುಬಸರೀ?" ಅಂದೆ. "ಹೊಲಿಯೋದೋ, ಉಡಿ ತುಂಬೋದೋ? ಬಿಡಿಸಿ ಹೇಳ್ರಿ. ಆಮ್ಯಾಲ ತಪ್ಪು ತಿಳಕೋಬಾರದು."

ಆಕೆ ತಲೆ ತಗ್ಗಿಸಿದಳು. ಪ್ರಕಾಶನ ಹೆಂಡತಿಗೆ ಬಹಳ ದಿನದ ಮೇಲೆ ಬಸುರು ನಿಂತಿದೆಯಂತೆ. ಉಡಿ ತುಂಬುವ ದಿನಕ್ಕೆ ಜಂಪರ್ ಬೇಕಂತೆ. ಆಕೆ ತಂದಿದ್ದ ರವಿಕೆಯಿಂದ ಅಳತೆ ಬರೆದುಕೊಂಡೆ, ಆ ಹುಡುಗಿಗೆ ಯಾವ ಹಕ್ಕಿ ಬೇಕೋ ಅವಳನ್ನೇ ಕೇಳಿ ತಿಳಿಸಲು ಹೇಳಿದೆ. ಅವಳ ಮೇಲೆ ನನಗೇನು ಸಿಟ್ಟು? ಕೆಲಸ ಚೆನ್ನಾಗಿಯೇ ಮಾಡಿಕೊಡುತ್ತೇನೆ.

ಶಾಂತಕ್ಕ ಏಳಲಿಲ್ಲ. ಮಗ್ಗಂ ಕಡೆ ನೋಡುತ್ತ, "ಇದು ಆ ಹಕ್ಕೀನ ಅಲ್ಲೇನು? ಅದನ್ನ ಕೊಂದ್ರಂತಲ್ಲ. ಅವತ್ತು ಪ್ರಕಾಶ ಮನಿಗೆ ಬಂದು ಹೇಳಿದ್ದ. ಹೇಳಿ ಊಟ ಬಿಟ್ಟು ಮಲಗಿದ್ದ," ಅಂದಳು.

"ಹೌದ್ರಿ, ಆ ಒಂದನ್ನ ಕೊಂದ್ರು," ಅಂದೆ. ಕೆಳಗಿನ ಕೈಯಿಂದ ದಾರ ಬಿಗಿಮಾಡಿ ಸೂಜಿ ಇಳಿಸಿದೆ. "ಉಳದವು ಗುಡ್ಡದ ಮ್ಯಾಲ ಕೂಗಾಕತ್ತಾವ್ರಿ. ಸಾಕ್ಷಿ ಬೇಕಾದೋರು ಅಲ್ಲಿಗೇ ಹತ್ತಿ ಹೋಗಿ ಕೇಳ್ಲಿ."